ಬಾತುಗಳ ಬೇಟೆಗೆ ಮಿತಿ ಹಾಕುವ ಲೆಕ್ಕ

ಮಳೆ ಚೆನ್ನಾಗಿ ಆದ ವರ್ಷ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕೆರೆಗಳಲ್ಲಿ ಚಳಿಗಾಲಕ್ಕೆ ಸೂಜಿಬಾಲದ ಬಾತು, ಚಲುಕದ ಬಾತುಗಳನ್ನು ನೀವು ಕಾಣಬಹುದು. ಅವು ಇಲ್ಲಿ ಮೊಟ್ಟೆ ಇಡುವುದಿಲ್ಲ. ಮರಿ ಮಾಡುವುದು ಸೈಬೀರಿಯಾ, ಮಧ್ಯ ಏಷ್ಯಾದ ಕಡೆ. ನಮ್ಮಲ್ಲಿಗೆ ಬರುವುದು ಮೇವಿಗೆ. ಮೊದಲು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇಂಥ ಹಕ್ಕಿಗಳ ಬೇಟೆಗೆ ಕೆಲವು ದೇಶಗಳಲ್ಲಿ ಅನುಮತಿ ಇದೆ. ಅಲ್ಲಿ ಎರಡು ಕಟ್ಟಳೆಗಳಿರುತ್ತವೆ. ಯಾವ ದಿನದಿಂದ ಯಾವ ದಿನದವರೆಗೆ ಹೊಡೆಯಬಹುದು ಎಂಬುದು ಬೇಟೆಯ ಋತು. ಒಬ್ಬರು ದಿನಕ್ಕೆ ಎಷ್ಟು ಹೊಡೆಯಬಹುದು ಎಂಬುದು ಮಿತಿ. ಕೆನಡಾದ ಪರವಾಗಿ ಬ್ರಿಟನ್ನು ಅಮೆರಿಕದೊಂದಿಗೆ 1916ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಋತು ಮೂರೂವರೆ ತಿಂಗಳು ಮೀರಬಾರದು. ಮರಿ ಮಾಡುವ ಕಾಲದಲ್ಲಿ ಬೇಟೆ ಕೂಡದು. 1955ರಿಂದ ಅಮೆರಿಕ, ಕೆನಡಾದವರು ಮೇ ತಿಂಗಳ ಸುಮಾರಿಗೆ ವಿಮಾನದಲ್ಲಿ ತಗ್ಗಾಗಿ ಹಾರುತ್ತ ಬಾತುಗಳನ್ನು ಎಣಿಸುತ್ತ ಬಂದಿದ್ದಾರೆ. ಜೊತೆಗೆ ನೀರಿರುವ ಹೊಂಡಗಳನ್ನೂ ಎಣಿಸುತ್ತಾರೆ. ಹೊಂಡ ಬತ್ತಿದ ವರ್ಷ ಮರಿ ಕಡಿಮೆ. ಬರ ಕಂಡ ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕಿಗಳ ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸಿ ಬಿಡುವುದೂ ಉಂಟು. ಬೇಟೆಗಾರರು ತಿಳಿಸುವ ಉಂಗುರಗಳಿಂದ ಎಷ್ಟು ಪಾಲು ಬೇಟೆಗೆ ಸಿಕ್ಕಿತೆಂದು ಅಂದಾಜಾಗುತ್ತದೆ. ಇವೆಲ್ಲ ಕೂಡಿ ಬಂದ ಮೇಲೆಯೇ ಮುಂದಿನ ಋತುವಿನ ಮಿತಿ.

ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಬೇಟೆಗೆ ಪರವಾನಗಿ ಕೊಡುವ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಾಗಾಗಿ ಇಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಬಾತುಗಳಿಗೆ ಬೇಟೆಯ ಋತುವೇ ಇಲ್ಲ, ಮಿತಿ ಸೊನ್ನೆ. ಬಲೆ, ಉರುಳು, ವಿಷ ಎಲ್ಲವೂ ಕಾನೂನಿನ ಕಣ್ಣಿಗೆ ಬೇಟೆಯೇ. ಹಕ್ಕಿಯ ಗೂಡು, ಮೊಟ್ಟೆಗೆ ಕೈ ಹಾಕುವುದೂ ಬೇಟೆಯೇ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಊರವರ ಅಕ್ಕರೆಯ ಜೊತೆಗೆ ಈ ರಕ್ಷೆಯೂ ಇದೆ.

ಸೊನ್ನೆಯೇ ಸರಿ ಎಂದು ನಾನು ನಂಬುತ್ತೇನೆ. ನಮ್ಮ ಬಾತುಗಳು ಬರುವ ಮಧ್ಯ ಏಷ್ಯಾದ ವಲಸೆ ದಾರಿ ಮೂವತ್ತು ದೇಶಗಳ ಮೇಲೆ ಹಾಯುತ್ತದೆ. ಅಲ್ಲೆಲ್ಲ ಎಷ್ಟು ಹುಟ್ಟಿದವು, ಎಷ್ಟು ಸತ್ತವು ಎಂದು ತಿಳಿಯದೆ ಇಲ್ಲಿ ಮಿತಿ ಗೊತ್ತುಮಾಡುವುದು ಹೇಗೆ?

ಎಣಿಕೆಯಲ್ಲಿ ನೀವೂ ಕೈಜೋಡಿಸಬಹುದು. 1987ರಲ್ಲಿ ಶುರುವಾದ ಏಷ್ಯಾ ನೀರುಹಕ್ಕಿ ಗಣತಿ ಜನವರಿಯಲ್ಲಿ ನಡೆಯುತ್ತದೆ. ಸೂರ್ಯ ಬೆನ್ನಿಗಿರುವಂತೆ ಏರಿಯ ಮೇಲೆ ನಿಲ್ಲಿ. ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಹಿಡಿದ ಜಾಗ ನೋಡಿಕೊಂಡು, ಅಷ್ಟಷ್ಟೇ ಜಾಗ ಅಳೆಯುತ್ತ ಮುಂದೆ ಸಾಗಿ. ಕೆರೆಯ ಹೆಸರು, ದಿನಾಂಕ, ನೀರೆಷ್ಟಿತ್ತು ಎಂಬುದನ್ನೂ ಬರೆದಿಡಿ.