ನಿವೃತ್ತರ ಆರೋಗ್ಯ ವಿಮೆ: ಸೇರುವಾಗ, ಬದಲಿಸುವಾಗ, ಬಿಡುವಾಗ

ಕಳೆದ ತಿಂಗಳು ಹಳೆಯ ರೋಗಿಯೊಬ್ಬರು ಮಗನ ಜೊತೆ ನನ್ನ ದವಾಖಾನೆಗೆ ಬಂದಿದ್ದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಮದ್ದು ಬರೆದು ಮುಗಿಸುವಷ್ಟರಲ್ಲಿ ಮಗ ಕೇಳಿದ: “ಡಾಕ್ಟ್ರೇ, ಅಬ್ಬಾ ಕೆಲಸದಲ್ಲಿದ್ದಾಗ ಕಂಪನಿಯ ವಿಮೆ ಇತ್ತು. ಈಗ ನಿಂತುಹೋಗಿದೆ. ಹೊಸದು ಮಾಡಿಸಿದರೆ ಸಕ್ಕರೆ ಕಾಯಿಲೆಗೆ ಮೂರು ವರ್ಷ ಕಾಯಬೇಕಂತೆ. ಏನು ಮಾಡೋದು?”

ನಿವೃತ್ತಿಗೆ ಎರಡು ತಿಂಗಳು ಮೊದಲು ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಇದನ್ನು ಓದಿ. ವಿಮೆಯ ಧಾರ್ಮಿಕ ಪ್ರಶ್ನೆಯನ್ನು ನೀವು ನಂಬುವ ಆಲಿಮರಲ್ಲಿ ಕೇಳಿಕೊಳ್ಳಿ. ಇಲ್ಲಿ ಬರೆಯುತ್ತಿರುವುದು ವ್ಯವಹಾರದ ವಿಷಯ ಮಾತ್ರ.

ಸೇರುವಾಗ

ಕಂಪನಿಯ ಗುಂಪು ವಿಮೆಯಲ್ಲಿರುವವರು ಕೆಲಸ ಬಿಡುವ ಮೊದಲೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಸಂಸ್ಥೆ ಒಪ್ಪಿದರೆ, ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಜಮೆಯಾಗುತ್ತವೆ. ಕೊನೆಯ ದಿನದವರೆಗೆ ಸುಮ್ಮನಿದ್ದರೆ ಈ ದಾರಿ ಮುಚ್ಚಿಹೋಗಬಹುದು.

ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರ ಏಪ್ರಿಲ್‌ನಿಂದ ನಿಯಮ ಬದಲಿಸಿದೆ. 65 ದಾಟಿದವರೂ ಹೊಸದಾಗಿ ಸೇರುವುದಕ್ಕೆ ಈಗ ನಿಯಮದ ಅಡ್ಡಿಯಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 48 ತಿಂಗಳಿಂದ ಗರಿಷ್ಠ 36 ತಿಂಗಳಿಗೆ ಇಳಿದಿದೆ. ಆದರೆ ಆರೋಗ್ಯ ನೋಡಿ ಅರ್ಜಿ ನಿರಾಕರಿಸುವ ಇಲ್ಲವೇ ಹೆಚ್ಚು ಕಂತು ಕೇಳುವ ಅಧಿಕಾರ ಸಂಸ್ಥೆಗಿದೆ.

ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. “ಬರೆಯದಿದ್ದರೆ ಪಾಲಿಸಿ ಬೇಗ ಸಿಗುತ್ತದೆ” ಎಂದು ಹೇಳುವವರಿದ್ದಾರೆ. ಆಸ್ಪತ್ರೆಗೆ ಸೇರಿದ ದಿನ ಹಳೆಯ ಚೀಟಿಗಳು ಹೊರಬರುತ್ತವೆ, ಬಿಲ್ಲು ಮನೆಯವರ ತಲೆ ಮೇಲೆ ಬೀಳುತ್ತದೆ. ಸತತ 60 ತಿಂಗಳು ವಿಮೆ ನಡೆಸಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ಆದರೆ ಅದನ್ನು ನಂಬಿ ಸುಳ್ಳು ಬರೆಯುವುದು ಸರಿಯಲ್ಲ.

ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ:

1. ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು? ಹಿರಿಯರ ಪಾಲಿಸಿಗಳಲ್ಲಿ ಇಷ್ಟು ಶೇಕಡಾ ನೀವೇ ಕಟ್ಟಬೇಕೆಂಬ ಷರತ್ತು ಸಾಮಾನ್ಯ.
2. ಕೋಣೆ ಬಾಡಿಗೆಗೆ ಮಿತಿ ಇದೆಯೇ? ಮಿತಿ ಮೀರಿದ ಕೋಣೆ ಹಿಡಿದರೆ ಬಿಲ್ಲಿನ ಬೇರೆ ಖರ್ಚುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು.
3. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಶಸ್ತ್ರಚಿಕಿತ್ಸೆಗೆ ಎಷ್ಟು ಕಾಯಬೇಕು?

ಯುನಾನಿ ಚಿಕಿತ್ಸೆಗೆ ವಿಮೆ ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಮಾನ್ಯತೆ ಪಡೆದ ಆಯುಷ್ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದರೆ ಸಿಗುತ್ತದೆ. ನನ್ನಂಥವರ ದವಾಖಾನೆಯಲ್ಲಿ ತೋರಿಸಿಕೊಂಡು ಮದ್ದು ಕೊಂಡರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಬದಲಿಸುವಾಗ

ಈಗಿನ ಸಂಸ್ಥೆಯ ಸೇವೆ ಸರಿಯಿಲ್ಲವೆನಿಸಿದರೆ ಪಾಲಿಸಿ ನವೀಕರಣದ ಹೊತ್ತಿಗೆ ಬೇರೆ ಸಂಸ್ಥೆಗೆ ಹೋಗಬಹುದು. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿದಂತೆ ಇದಕ್ಕೂ ‘ಪೋರ್ಟಿಂಗ್’ ಎನ್ನುತ್ತಾರೆ. ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲೇ ಹೊಸ ಸಂಸ್ಥೆಗೆ ಅರ್ಜಿ ಕೊಡಿ. ಕಾದು ಕಳೆದ ವರ್ಷಗಳು ಜೊತೆಗೆ ಬರುತ್ತವೆ, ಆದರೆ ಹಳೆಯ ಮೊತ್ತದಷ್ಟಕ್ಕೆ ಮಾತ್ರ. 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರೆ ಹೆಚ್ಚಿನ 2 ಲಕ್ಷಕ್ಕೆ ಹೊಸದಾಗಿ ಕಾಯಬೇಕು.

ಹೊಸ ಸಂಸ್ಥೆ ಒಪ್ಪಲೇಬೇಕೆಂದಿಲ್ಲ. ಅದರ ಒಪ್ಪಿಗೆ ಬರಹದಲ್ಲಿ ಕೈಗೆ ಬರುವ ತನಕ ಹಳೆಯದನ್ನು ಬಿಡಬೇಡಿ.

ಕಂತು ಏರಿತೆಂದು ಬದಲಿಸುವವರೂ ಇದ್ದಾರೆ. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಮೊದಲು ತನ್ನೊಡನೆ ಸಮಾಲೋಚಿಸಬೇಕೆಂದು ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶಿಸಿದೆ. ಶೇ. 18ರಷ್ಟಿದ್ದ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿಲ್ಲ. ರಸೀದಿ ನೋಡಿ ಲೆಕ್ಕ ಕೇಳಿ.

ಬಿಡುವಾಗ

ಹೊಸ ಪಾಲಿಸಿ ಕೈಸೇರಿದ 30 ದಿನದೊಳಗೆ ಓದಿ ನೋಡಿ, ಬೇಡವೆನಿಸಿದರೆ ಹಿಂದಿರುಗಿಸಬಹುದು. ಸಣ್ಣಪುಟ್ಟ ಖರ್ಚು ಕಳೆದು ಹಣ ವಾಪಸು ಬರುತ್ತದೆ. ನಂತರವೂ 7 ದಿನಗಳ ಲಿಖಿತ ಸೂಚನೆ ಕೊಟ್ಟು ಬಿಡಬಹುದು. ಆ ವರ್ಷ ಕ್ಲೇಮು ಮಾಡಿರದಿದ್ದರೆ ಉಳಿದ ಅವಧಿಯ ಹಣ ಸಿಗುತ್ತದೆ.

ಆದರೆ ಮರೆತು ಬಿಡುವುದೇ ಹೆಚ್ಚು. ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಅವಧಿ ಇದೆ. ಅಷ್ಟರಲ್ಲಿ ಕಟ್ಟಿದರೆ ಹಳೆಯ ವರ್ಷಗಳು ಉಳಿಯುತ್ತವೆ, ನಡುವೆ ಆಸ್ಪತ್ರೆ ಸೇರಿದರೆ ಮಾತ್ರ ಹಣ ಸಿಗದು. ಅದೂ ದಾಟಿದರೆ ಎಲ್ಲವೂ ಮೊದಲಿನಿಂದ. ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಮೂರು ವರ್ಷ ಕಾಯುವುದು ಸಣ್ಣ ಮಾತಲ್ಲ. ಅಬ್ಬಾನ ಕಂತಿನ ದಿನಾಂಕವನ್ನು ಮಕ್ಕಳೊಬ್ಬರು ತಮ್ಮ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಲಿ.

ಕ್ಲೇಮು ನಿರಾಕರಿಸಿದರೆ ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆ ಮಗನಿಗೆ ನಾನು ಹೇಳಿದ್ದು ಇಷ್ಟು: “ಇದ್ದದ್ದನ್ನು ಇದ್ದ ಹಾಗೆ ಬರೆದು ಈ ವಾರವೇ ಅರ್ಜಿ ಹಾಕು. ತಡ ಮಾಡಿದಷ್ಟೂ ಕಾಯುವ ದಿನ ಮುಂದೆ ಹೋಗುತ್ತದೆ. ಅಲ್ಲಿಯವರೆಗೆ ಕೈಲಾದಷ್ಟು ಹಣ ಬೇರೆ ತೆಗೆದಿಡು.” ಅಬ್ಬಾಗೆ ಹೇಳಿದ್ದು ಹಳೆಯದೇ: ಊಟದಲ್ಲಿ ಹಿಡಿತ, ದಿನವೂ ನಡಿಗೆ, ಮದ್ದು ತಪ್ಪಿಸಬೇಡಿ. ಅವರು ನಕ್ಕು, “ಇನ್ಶಾ ಅಲ್ಲಾಹ್” ಎಂದರು.