ಬೇಟೆಯ ಪರವಾನಗಿ ಶುಲ್ಕದಿಂದ ವನ್ಯಜೀವಿಗಳ ಪುನರುಜ್ಜೀವನ

ಗೊಬ್ಬರಕ್ಕೆಂದು ತೆಗೆದಿಟ್ಟ ಹಣ ಮದುವೆಯ ಖರ್ಚಿಗೆ ಹೋದರೆ ಇಳುವರಿ ಏನಾಗುತ್ತದೆಂಬುದನ್ನು ರೈತ ಬಾಂಧವರಿಗೆ ಹೇಳಬೇಕಾಗಿಲ್ಲ. ಸರ್ಕಾರದ ಹಣಕ್ಕೂ ಈ ಮಾತು ಅನ್ವಯಿಸುತ್ತದೆ. ವನ್ಯಜೀವಿಗಳ ಹಣ ಬೇರೆಡೆಗೆ ಹರಿಯದಂತೆ ಅಮೆರಿಕ ಸಂಯುಕ್ತ ಸಂಸ್ಥಾನವು ಕಟ್ಟಿದ ಬದುವನ್ನು ಇಲ್ಲಿ ಪರಿಶೀಲಿಸೋಣ.

ಹಿನ್ನೆಲೆ: ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ನಡೆದ ಮಿತಿಯಿಲ್ಲದ ಬೇಟೆಯಿಂದಾಗಿ 1900ರ ಸುಮಾರಿಗೆ ಅಲ್ಲಿನ ಬಿಳಿಬಾಲದ ಜಿಂಕೆಗಳು ಅಂದಾಜು 5 ಲಕ್ಷಕ್ಕೆ ಇಳಿದಿದ್ದವು. ಕಾಡು ಟರ್ಕಿ ಕೋಳಿಗಳು ಹಲವು ರಾಜ್ಯಗಳಲ್ಲಿ ಕಣ್ಮರೆಯಾಗಿದ್ದವು.

ಹಣದ ಮೂಲ: 1937ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಗೆ ಅಂಕಿತ ಹಾಕಿದರು. ಇದರಂತೆ ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಶೇ. 11ರ ಉತ್ಪಾದನಾ ಸುಂಕವು ವನ್ಯಜೀವಿ ನಿಧಿಗೆ ಸೇರುತ್ತದೆ. ಇದರ ಮುಖ್ಯ ಭಾಗವನ್ನು ರಾಜ್ಯಗಳಿಗೆ ಹಂಚುವಾಗ ಅರ್ಧವನ್ನು ವಿಸ್ತೀರ್ಣಕ್ಕೆ, ಇನ್ನರ್ಧವನ್ನು ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಗೆ ಅನುಗುಣವಾಗಿ ಕೊಡಲಾಗುತ್ತದೆ. 100 ಡಾಲರಿನ ಕೆಲಸಕ್ಕೆ ಕೇಂದ್ರದಿಂದ 75 ಡಾಲರುಗಳವರೆಗೆ ದೊರೆಯುತ್ತದೆ. ಉಳಿದ 25ನ್ನು ರಾಜ್ಯವು ಬಹುಮಟ್ಟಿಗೆ ಪರವಾನಗಿ ಶುಲ್ಕದಿಂದ ಭರಿಸುತ್ತದೆ.

ಮುಖ್ಯ ಷರತ್ತು: ಪರವಾನಗಿ ಶುಲ್ಕವನ್ನು ರಸ್ತೆಗಾಗಲಿ ಶಾಲೆಗಾಗಲಿ ತಿರುಗಿಸುವ ರಾಜ್ಯವು ಕೇಂದ್ರದ ಪಾಲನ್ನು ಕಳೆದುಕೊಳ್ಳುತ್ತದೆ. ಈ ವ್ಯವಸ್ಥೆಯ ಜೀವಾಳ ಇದೇ ಆಗಿದೆ.

ಫಲಿತಾಂಶ: ಈ ಹಣದಿಂದ ಭೂಮಿ ಖರೀದಿ, ಆವಾಸಸ್ಥಾನಗಳ ಸುಧಾರಣೆ, ಪ್ರಾಣಿಗಣತಿ ಮುಂತಾದವು ನಡೆದವು. ಸಾಕಣೆಯಲ್ಲಿ ಬೆಳೆಸಿ ಬಿಟ್ಟ ಟರ್ಕಿಗಳು ಕಾಡಿನಲ್ಲಿ ಬಾಳಲಿಲ್ಲ. ಕಾಡಿನವುಗಳನ್ನೇ ಬಲೆಯಲ್ಲಿ ಹಿಡಿದು ಬೇರೆಡೆ ಬಿಟ್ಟಾಗ ಅವು ನೆಲೆಯೂರಿದವು. ಈಗ ಟರ್ಕಿಗಳು ಅಂದಾಜು 60 ಲಕ್ಷ, ಬಿಳಿಬಾಲದ ಜಿಂಕೆಗಳು ಸುಮಾರು 3 ಕೋಟಿ ಇವೆ.

ಇತಿಮಿತಿಗಳು: ಹೆಚ್ಚಿದ ಜಿಂಕೆಗಳು ಮುಸುಕಿನ ಜೋಳ, ಸೋಯಾ ಅವರೆ ಬೆಳೆಗಳನ್ನು ಮೇಯುತ್ತವೆ. ಆದ್ದರಿಂದ ಹೆಣ್ಣು ಜಿಂಕೆಗಳ ಬೇಟೆಗೂ ಪರವಾನಗಿ ಕೊಟ್ಟು ಸಂಖ್ಯೆಯನ್ನು ಹತೋಟಿಯಲ್ಲಿಡಲು ರಾಜ್ಯಗಳು ಯತ್ನಿಸುತ್ತವೆ. ಅಲ್ಲದೆ ಬೇಟೆಗಾರರು ಕಡಿಮೆಯಾದಂತೆ ಶುಲ್ಕದ ಆದಾಯವೂ ಕುಗ್ಗುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಪರವಾನಗಿ ಬೇಟೆಗೆ ಅವಕಾಶವಿಲ್ಲ. ಆದುದರಿಂದ ಬೇಟೆ ಶುಲ್ಕದ ಮಾರ್ಗ ನಮಗೆ ಒಗ್ಗದು. ಆದರೆ ಒಂದು ಕೆಲಸದ ಹೆಸರಿನಲ್ಲಿ ಬಂದ ಹಣ ಅದೇ ಕೆಲಸಕ್ಕೆ ಸಲ್ಲಬೇಕೆಂಬ ನಿಯಮವನ್ನು ಯಾವ ದೇಶವಾದರೂ ಅನುಸರಿಸಬಹುದು. ಆನೆ, ಹಂದಿಗಳ ಹಾವಳಿಗೆ ತುತ್ತಾಗುವ ಕಾಡಂಚಿನ ರೈತನಿಗಂತೂ ಈ ನಿಯಮದ ಬೆಲೆ ಚೆನ್ನಾಗಿ ತಿಳಿದಿದೆ.