ಕೊನೆಯ ಯೂನಿಟ್ಟಿನ ಬೆಲೆ

ಗೃಹಬಳಕೆಯ ವಿದ್ಯುತ್ತಿನಲ್ಲಿ ಉಳಿತಾಯವೆಂಬುದು ಉಪಕರಣದ ಗುಣವಲ್ಲ, ಬಿಲ್ಲಿನ ಗುಣ. ಒಂದೇ ಫ್ಯಾನು ಒಂದು ಮನೆಯಲ್ಲಿ ನೂರಾರು ರೂಪಾಯಿ ಉಳಿಸಿ, ಪಕ್ಕದ ಮನೆಯಲ್ಲಿ ಒಂದು ಪೈಸೆಯನ್ನೂ ಉಳಿಸದೆ ತಿರುಗುತ್ತಿರಬಹುದು. ಕರ್ನಾಟಕದ ಗೃಹಬಳಕೆದಾರರಿಗೆ ವಿದ್ಯುತ್ ಸರಬರಾಜು ಕಂಪನಿಯನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಆದ್ದರಿಂದ ಇಲ್ಲಿ ಹೋಲಿಸಬೇಕಾದದ್ದು ಕಂಪನಿಗಳನ್ನಲ್ಲ, ಹಳೆಯ ದರವನ್ನು ಹೊಸ ದರದೊಡನೆ ಮತ್ತು ಜಾಹೀರಾತಿನ ಲೆಕ್ಕವನ್ನು ಮನೆಯ ಲೆಕ್ಕದೊಡನೆ.

ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಶುಲ್ಕಗಳಿರುತ್ತವೆ. ಮನೆಗೆ ಮಂಜೂರಾದ ವಿದ್ಯುತ್ ಭಾರದ ಮೇಲೆ, ಅಂದರೆ ಕಿಲೋವ್ಯಾಟ್ ಲೆಕ್ಕದಲ್ಲಿ, ವಿಧಿಸುವುದು ನಿಗದಿತ ಶುಲ್ಕ. ಇಡೀ ತಿಂಗಳು ಮನೆಗೆ ಬೀಗ ಹಾಕಿದ್ದರೂ ಇದನ್ನು ತೆರಲೇಬೇಕು. ಬಳಸಿದ ಯೂನಿಟ್ಟುಗಳ ಮೇಲೆ ವಿಧಿಸುವುದು ವಿದ್ಯುತ್ ಶುಲ್ಕ. ಮಿತವ್ಯಯದಿಂದ ಇಳಿಯುವುದು ಈ ಎರಡನೆಯದು ಮತ್ತು ಅದಕ್ಕೆ ಅಂಟಿಕೊಂಡ ತೆರಿಗೆ, ಇಂಧನ ಹೊಂದಾಣಿಕೆಯಂಥ ಬಾಬತ್ತುಗಳು ಮಾತ್ರ.

2025-26ರ ದರ ಪರಿಷ್ಕರಣೆಯಲ್ಲಿ ಗೃಹಬಳಕೆಯ ಯೂನಿಟ್ ದರವು 5.90 ರೂಪಾಯಿಯಿಂದ 5.80ಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ನಿಗದಿತ ಶುಲ್ಕವು ಕಿಲೋವ್ಯಾಟಿಗೆ 120ರಿಂದ 145 ರೂಪಾಯಿಗೆ ಏರಿತು; ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆಯ ಸರ್ಚಾರ್ಜೂ ಸೇರಿತು. ಹೀಗಾಗಿ, ಹತ್ತು ಪೈಸೆ ಇಳಿಕೆಯ ಸುದ್ದಿ ನಿಜವೇ ಆಗಿದ್ದರೂ ಯೂನಿಟ್ಟಿನ ಮೇಲಿನ ವಾಸ್ತವಿಕ ಹೊರೆ 6.16 ರೂಪಾಯಿಯಾಯಿತು.

ಇದರ ಪರಿಣಾಮವನ್ನು ಈ ಅಂಕಣಕಾರನ ಮನೆಯ ಎರಡು ಬಿಲ್ಲುಗಳಲ್ಲಿ ನೋಡಬಹುದು. ಮೂರು ಕಿಲೋವ್ಯಾಟ್ ಮಂಜೂರಾತಿಯ ಆ ಮನೆಯಲ್ಲಿ 2024ರ ಮೇ ತಿಂಗಳ ಬಳಕೆ 230 ಯೂನಿಟ್. ಎರಡು ಹಳೆಯ ಫ್ಯಾನುಗಳನ್ನು ತೆಗೆದು ಕಡಿಮೆ ವಿದ್ಯುತ್ ಬೇಡುವ ಬಿಎಲ್‌ಡಿಸಿ ಮೋಟಾರಿನ ಫ್ಯಾನುಗಳನ್ನು ಹಾಕಿಸಿದ ಮೇಲೆ, 2025ರ ಮೇ ತಿಂಗಳ ಬಳಕೆ 212 ಯೂನಿಟ್. ತೆರಿಗೆ ಮತ್ತು ಇಂಧನ ಹೊಂದಾಣಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಮೊದಲ ಬಿಲ್ಲು 1,717 ರೂಪಾಯಿ, ಎರಡನೆಯದು 1,741 ರೂಪಾಯಿ. ಹದಿನೆಂಟು ಯೂನಿಟ್ ಇಳಿದೂ ಬಿಲ್ಲು 24 ರೂಪಾಯಿ ಏರಿತು. ಇದನ್ನು ಕಂಡು ಫ್ಯಾನು ದಂಡವೆಂದು ಮನೆಯವರು ತೀರ್ಮಾನಿಸಿದ್ದು ಸಹಜವಾದರೂ ತಪ್ಪು. ಹಳೆಯ ಫ್ಯಾನುಗಳೇ ಇದ್ದಿದ್ದರೆ ಹೊಸ ದರದಲ್ಲಿ 1,852 ರೂಪಾಯಿ ಕಟ್ಟಬೇಕಾಗುತ್ತಿತ್ತು. ನಿಜವಾದ ಉಳಿತಾಯ 111 ರೂಪಾಯಿ. ದರ ಬದಲಾದ ವರ್ಷಗಳಲ್ಲಿ ರೂಪಾಯಿಯನ್ನು ರೂಪಾಯಿಗೆ ಹೋಲಿಸದೆ, ಯೂನಿಟ್ಟನ್ನು ಯೂನಿಟ್ಟಿಗೆ ಹೋಲಿಸಬೇಕೆಂಬುದು ಇದರಿಂದ ಸಿಗುವ ಮೊದಲ ನಿಯಮ.

ಇನ್ನು ಜಾಹೀರಾತಿನ ಲೆಕ್ಕ. ಮಾಮೂಲಿ ಫ್ಯಾನು ಪೂರ್ಣ ವೇಗದಲ್ಲಿ 75 ವ್ಯಾಟ್, ಹೊಸದು 30 ವ್ಯಾಟ್ ಎಂದಿಟ್ಟುಕೊಂಡರೆ 45 ವ್ಯಾಟ್ ಉಳಿಯುತ್ತದೆಂಬುದರಲ್ಲಿ ಮೋಸವಿಲ್ಲ. ಆದರೆ ವರ್ಷದ 365 ದಿನವೂ ದಿನಕ್ಕೆ 16 ಗಂಟೆ ಓಡಿಸಿ, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಮಾತ್ರ ಫ್ಯಾನೊಂದಕ್ಕೆ ಸುಮಾರು 2,100 ರೂಪಾಯಿ ಉಳಿಯುತ್ತದೆ. ಮಳೆಗಾಲದಲ್ಲೂ ಚಳಿಯಲ್ಲೂ ಫ್ಯಾನು ಸುಮ್ಮನಿರುವ ಊರಿನಲ್ಲಿ ಈ ಊಹೆ ನಿಲ್ಲುವುದಿಲ್ಲ. ಮೇಲೆ ಹೇಳಿದ ಮನೆಯಲ್ಲಿ ಎರಡೂ ಫ್ಯಾನುಗಳಿಂದ ವರ್ಷಕ್ಕೆ ಉಳಿದದ್ದು ಸುಮಾರು 130 ಯೂನಿಟ್, ಅಂದರೆ 800 ರೂಪಾಯಿ. ಅವಕ್ಕೆ ಕೊಟ್ಟ 5,600 ರೂಪಾಯಿ ಹುಟ್ಟಲು ಏಳು ವರ್ಷ ಬೇಕು. ಹಳೆಯ ಫ್ಯಾನು ಕೆಟ್ಟು ಹೇಗೂ ಹೊಸದನ್ನು ಕೊಳ್ಳಬೇಕಾಗಿದ್ದ ಪಕ್ಷದಲ್ಲಿ, ಮಾಮೂಲಿ ಫ್ಯಾನಿಗಿಂತ ಹೆಚ್ಚು ಕೊಟ್ಟ ಹಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು, ಅವಧಿಯೂ ಅದಕ್ಕೆ ತಕ್ಕಂತೆ ಕುಗ್ಗುತ್ತಿತ್ತು.

ಗೃಹಜ್ಯೋತಿ ಯೋಜನೆಯು ಈ ಲೆಕ್ಕವನ್ನು ಇನ್ನಷ್ಟು ತಿರುಗಿಸುತ್ತದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇಕಡಾ 10ನ್ನು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಪ್ರತಿ ಮನೆಯ ಉಚಿತ ವಿದ್ಯುತ್ತಿನ ಅರ್ಹತೆಯನ್ನು ಗೊತ್ತುಮಾಡಲಾಯಿತು. ಅರ್ಹತೆಯೊಳಗೆ ನಿಂತ ಮನೆಗೆ ಬಿಲ್ಲು ಶೂನ್ಯ. ಅದನ್ನು ಮೀರಿಯೂ 200ರೊಳಗಿದ್ದರೆ ಮೀರಿದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. 165 ಯೂನಿಟ್ ಅರ್ಹತೆಯಿದ್ದು 150 ಬಳಸುವ ಮನೆಯಲ್ಲಿ ಹತ್ತು ಯೂನಿಟ್ ಉಳಿಸಿದರೆ ಕೈಗೆ ಬರುವುದು ಸೊನ್ನೆ. 190 ಅರ್ಹತೆಯ, ಮೂರು ಕಿಲೋವ್ಯಾಟಿನ ಮನೆಯಲ್ಲಿ 201 ಯೂನಿಟ್ಟನ್ನು 200ಕ್ಕೆ ಇಳಿಸಿದರೆ, ಆ ಒಂದೇ ಯೂನಿಟ್ಟಿನ ಬೆಲೆ ಸುಮಾರು 1,600 ರೂಪಾಯಿ.

ಸಾಕೆಟ್ಟಿಗೆ ಸಿಕ್ಕಿಸುವ ‘ಪವರ್ ಸೇವರ್’ ಡಬ್ಬಿಗಳ ವಿಷಯ ಇಷ್ಟು ಸೂಕ್ಷ್ಮದ್ದಲ್ಲ. ಅವುಗಳೊಳಗೆ ಸಾಮಾನ್ಯವಾಗಿ ಇರುವ ಕೆಪಾಸಿಟರ್ ವಿದ್ಯುತ್ತಿನ ಪವರ್ ಫ್ಯಾಕ್ಟರನ್ನಷ್ಟೇ ತಿದ್ದಬಲ್ಲದು. ಮನೆಯ ಬಿಲ್ಲಿಗೆ ಆಧಾರ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆಯಾದ್ದರಿಂದ ಬಿಲ್ಲು ಅದರಿಂದ ಇಳಿಯದು.

ಆದ್ದರಿಂದ ಯಾವುದೇ ಉಳಿತಾಯದ ಮಾತನ್ನು ನಂಬುವ ಮುನ್ನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಹಿಂದಿನ ಮಾಪನಕ್ಕೂ ಹಾಲಿ ಮಾಪನಕ್ಕೂ ನಡುವೆ ಎಷ್ಟು ದಿನವೆಂದು ಎಣಿಸಿ, ದಿನದ ಸರಾಸರಿ ಯೂನಿಟ್ ತೆಗೆದು, ಕೊನೆಯ ಯೂನಿಟ್ಟಿಗೆ ಮನೆಯವರು ನಿಜಕ್ಕೂ ಎಷ್ಟು ತೆರುತ್ತಿದ್ದಾರೆಂದು ನೋಡಬೇಕು. ಜಾಹೀರಾತಿಗೆ ಫ್ಯಾನಿನ ವ್ಯಾಟ್ ಗೊತ್ತಿರುತ್ತದೆ, ಈ ಸಂಖ್ಯೆ ಗೊತ್ತಿರುವುದಿಲ್ಲ. ಅದು ಮನೆಯ ಬಿಲ್ಲಿನಲ್ಲಷ್ಟೇ ಸಿಗುತ್ತದೆ.